ಅತ್ತೆಯವರ ಹಡಗಿನ ಅಡ್ವಾನ್ಸು

ಯಾವುದೇ ಕೆಲಸಕ್ಕೆ ಮುಂಗಡ ಕೊಡುವ ಆ ಒಂದು ಕ್ಷಣದಲ್ಲಿ ಮನುಷ್ಯನಿಗಿರುವ ಧೈರ್ಯ ಆಮೇಲೆ ಯಾವತ್ತೂ ಇರುವುದಿಲ್ಲವೆಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಛತ್ರಕ್ಕೆ ಅಡ್ವಾನ್ಸು ಕೊಡುವ ಹೆಣ್ಣಿನ ತಂದೆ, ವಾಲಗದವರಿಗೆ ವೀಳ್ಯದ ಜೊತೆ ಅಡ್ವಾನ್ಸು ಕೊಡುವ ಸೋದರಮಾವ, ಸೈಟಿಗೆ ಅಡ್ವಾನ್ಸು ಕೊಡುವ ಗುಮಾಸ್ತ, ಇವರ ಮುಖಗಳನ್ನು ಆ ಗಳಿಗೆಯಲ್ಲಿ ನೋಡಬೇಕು. ಎಲ್ಲರೂ ರಾಜ್ಯ ಗೆದ್ದವರ ಹಾಗೆ ಕಾಣುತ್ತಾರೆ. ರಶೀದಿ ಮಡಿಸಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿಯಲು ಶುರು ಮಾಡಿದ ಮೇಲೆ ನೋಡಿ, ಮುಖ ಮೆಲ್ಲಗೆ ಬಾಡುತ್ತದೆ. ಇನ್ನೂ ಸ್ವಲ್ಪ ವಿಚಾರಿಸಬೇಕಾಗಿತ್ತೇನೋ, ಹೆಂಡತಿಯನ್ನು ಒಂದು ಮಾತು ಕೇಳಬೇಕಾಗಿತ್ತೇನೋ ಎಂದು ಒಂದೊಂದು ಮೆಟ್ಟಿಲಿಗೂ ಒಂದೊಂದು ಅನುಮಾನ ಕಾದು ನಿಂತಿರುತ್ತದೆ. ನನ್ನ ಸ್ವಭಾವ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ನಾನು ಮೆಟ್ಟಿಲು ಹತ್ತುವಾಗಲೇ ಹೆದರಿಕೊಂಡು ಹತ್ತುವವನು. ಅಂಥವನನ್ನು ಒಂದು ಸಲ, ನನ್ನ ಅತ್ತೆಯವರು ಕೋಲಾರದ ಬಸ್‌ಸ್ಟ್ಯಾಂಡ್ ಹತ್ತಿರ ಪಾತ್ರೆ ಅಂಗಡಿಯ ಮೇಲಿದ್ದ ಒಂದು ಕೋಣೆಗೆ ಹತ್ತಿಸಿ, ಹಡಗಿಗೆ ಅಡ್ವಾನ್ಸು ಕೊಡಿಸಿಬಿಟ್ಟರು.

ಹಡಗು ಎಂದರೆ ಹಡಗೇ. ನೀರಿನ ಮೇಲೆ ಹೋಗುವುದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದವನು. ನಮ್ಮ ಜಿಲ್ಲೆಯಲ್ಲಿ ಕೆರೆಗಳಿವೆ, ಬಾವಿಗಳಿವೆ. ನಕ್ಷೆಯಲ್ಲಿ ನದಿಗಳೂ ಇವೆ. ಸಮುದ್ರ ಮಾತ್ರ ಇಲ್ಲ. ಆದರೂ ವರ್ಷಾವರ್ಷವೂ ನಾನು ಉಬ್ಬರ, ಇಳಿತ, ಸಾಗರದ ಆಳ, ಬಿರುಗಾಳಿ ಎಲ್ಲವನ್ನೂ ಕಂಡು ಬಂದವನ ಹಾಗೆ ಪಾಠ ಮಾಡುತ್ತಿದ್ದೆ. ಮಕ್ಕಳು ನಂಬುತ್ತಿದ್ದರು. ಪಾಠ ಮಾಡಿ ಮಾಡಿ ನನಗೆ ಸಮುದ್ರದ ಬಗ್ಗೆ ಜ್ಞಾನಕ್ಕಿಂತ ಭಯವೇ ಹೆಚ್ಚಾಗಿತ್ತು. ಭೂಪಟದಲ್ಲಿ ನೀಲಿ ಬಣ್ಣ ಗಾಢವಾದಷ್ಟೂ ಆಳ ಹೆಚ್ಚು ಎಂದು ಕೋಲು ಹಿಡಿದು ತೋರಿಸುವಾಗ ನನ್ನ ಕೋಲು ಗಾಢ ನೀಲಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನನ್ನ ಹೊಟ್ಟೆಯದು. ನನಗೆ ಬಸ್ಸು ಆಗುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಸಾಹುಕಾರರಾದ ನೆಂಟರು ಆಗುವುದಿಲ್ಲ, ನನಗೆ ಬಸ್ಸು. ಡೀಸೆಲ್ ವಾಸನೆ ಮೂಗಿಗೆ ಬಡಿದ ಕೂಡಲೇ ಹೊಟ್ಟೆ ಒಂದು ಸಲ ಹೊರಳಿ ನೋಡುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಗೆಂದು ಗೌನಿಪಲ್ಲಿಗೆ ಹೊರಟಾಗಲೆಲ್ಲ ನಾನು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕಿಟಕಿಯ ಪಕ್ಕ ಕೂತಿರುತ್ತಿದ್ದೆ. ಅಳಿಯ ದೈವಭಕ್ತ, ಎಲ್ಲಿ ಹೋದರೂ ನಿಂಬೆಹಣ್ಣು ಮಂತ್ರಿಸಿಕೊಂಡು ಬರುತ್ತಾನೆ ಎಂದು ಅಲ್ಲಿಯವರು ಮಾತಾಡಿಕೊಂಡರಂತೆ. ನಾನು ತಿದ್ದಲು ಹೋಗಲಿಲ್ಲ. ನನ್ನ ಹೆಂಡತಿ ಸರೋಜಳಿಗೂ, ನನ್ನ ಹೊಟ್ಟೆಗೆ ಬಸ್ಸು ಮಾತ್ರ ಆಗದು, ಉಳಿದದ್ದೆಲ್ಲ ಆಗುತ್ತದೆ ಎಂದೇ ನಂಬಿಸಿದ್ದೆ.

ಅತ್ತೆಯವರ ಹೆಸರು ವೆಂಕಟಲಕ್ಷ್ಮಮ್ಮ. ಗೌನಿಪಲ್ಲಿಯ ಹತ್ತಿರ ಅವರ ಮಾವಿನ ತೋಟ. ಮಾವನವರು ಹೋದ ಮೇಲೆ ತೋಟವನ್ನು ಅವರೇ ನೋಡಿಕೊಂಡರು. ಕಾಯಿ ನೋಡಲು ಬರುವ ವ್ಯಾಪಾರಿಗಳ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈದು, ಮತ್ತೆ ತೆಲುಗಿನಲ್ಲಿ ಸಮಾಧಾನ ಹೇಳಿ ಕಾಫಿ ಕೊಟ್ಟು ಕಳಿಸುವ ಹೆಂಗಸು. ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ. ನಾಗರಹಾವು ಬಂದರೆ "ಹೋಗಪ್ಪಾ ಆ ಕಡೆ" ಎನ್ನುವಷ್ಟು ನೆಮ್ಮದಿಯ ಜೀವ. ಒಂದು ವರ್ಷ ಮಾವಿನ ಸುಗ್ಗಿ ಮುಗಿದ ಮೇಲೆ ಅವರು ಒಂದು ಬುಟ್ಟಿ ಬಾದಾಮಿ ಹಣ್ಣು ಹೊತ್ತುಕೊಂಡು ಮುಳಬಾಗಿಲಿಗೆ ಬಂದರು. ಹಣ್ಣನ್ನು ಕೆಳಗಿಳಿಸುವ ಮೊದಲೇ ಮಾತು ಇಳಿಸಿದರು.

"ಅಳಿಯಂದಿರೇ, ನಮ್ಮ ತೋಟದ ಕಾಯಿ ಈ ಸಲ ಎಲ್ಲಿಗೋಯ್ತು ಗೊತ್ತಾ? ಲಾರೀಲಿ ಬೊಂಬಾಯಿಗೋಗಿ, ಅಲ್ಲಿಂದ ಹಡಗು ಹತ್ಕೊಂಡು ಅರಬ್ಬರ ದೇಶಕ್ಕೋಯ್ತಂತೆ. ಶ್ರೀನಿವಾಸಪುರದ ಮಂಡಿಯವನು ಹೇಳ್ದ."

"ಬಹಳ ಸಂತೋಷ ಅತ್ತೆ," ಎಂದೆ.

"ಏಂ ಸಂತೋಷ? ನಾನು ನೀರು ಹಾಕಿ ಬೆಳೆಸಿದ ಕಾಯಿ ಹಡಗು ಹತ್ತಿ ಹೋಗ್ತದೆ. ಬೆಳೆಸಿದವಳು ಗೌನಿಪಲ್ಲಿ ಬಸ್‌ಸ್ಟ್ಯಾಂಡಲ್ಲಿ ಕಾಯ್ಕೊಂಡು ಕೂತಿರಬೇಕಾ? ನಾನೂ ಒಂದ್ ಸಲ ಹತ್ತಬೇಕು. ನೀವು ಭೂಗೋಳದ ಮೇಷ್ಟ್ರು. ನಿಮಗೆ ಗೊತ್ತಿರ್ತದೆ. ಎಲ್ಲಿ ಹತ್ತಬೇಕು ಹೇಳಿ."

ಆಗ ಬೊಂಬಾಯಿಯಿಂದ ಗೋವಾಕ್ಕೆ ಪ್ರಯಾಣಿಕರ ಸ್ಟೀಮರು ಹೋಗುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರಾದವನಿಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ, ಅದರಲ್ಲೂ ಅತ್ತೆಯ ಎದುರಿಗೆ. ನಾನು ಭೂಪಟ ತರಿಸಿ, ಬೊಂಬಾಯಿ ತೋರಿಸಿ, ಗೋವಾ ತೋರಿಸಿ, ಪಶ್ಚಿಮ ಕರಾವಳಿಯ ವೈಶಿಷ್ಟ್ಯಗಳನ್ನೂ ಸಮುದ್ರದ ನೀರು ಉಪ್ಪೆಂಬುದನ್ನೂ ವಿವರಿಸಿ, ನನ್ನ ಕೈಯಾರೆ ನನ್ನ ಹಳ್ಳ ತೋಡಿಕೊಂಡೆ. ಪಾಠ ಮುಗಿಯುವಷ್ಟರಲ್ಲಿ ದಸರಾ ರಜಕ್ಕೆ ಅತ್ತೆ, ಸರೋಜ, ನಾನು ಮೂವರೂ ಹಡಗು ಹತ್ತುವುದೆಂದು ತೀರ್ಮಾನವಾಗಿತ್ತು. ಖರ್ಚು ಅತ್ತೆಯವರದು, ಯಜಮಾನಿಕೆ ನನ್ನದು.

ಹೀಗೆ ನಾವು ಕೋಲಾರದ ಆ ಮಹಡಿ ಕೋಣೆಗೆ ಹೋದದ್ದು. ಅಲ್ಲಿದ್ದ ಏಜೆಂಟರ ಹೆಸರು ಗುರುಮೂರ್ತಿ. ಮೊದಲು ತಿರುಪತಿ, ಕಂಚಿ ಎಂದು ಬಸ್ಸು ಕಳಿಸುತ್ತಿದ್ದವರು, ಆ ವರ್ಷವಷ್ಟೇ ಸಮುದ್ರಕ್ಕೂ ಕೈಹಾಕಿದ್ದರು. ಗೋಡೆಯ ಮೇಲೆ ಬಿಳಿ ಹಡಗಿನ ದೊಡ್ಡದೊಂದು ಚಿತ್ರ. ನಾನು ಅದಕ್ಕೆ ಬೆನ್ನು ಮಾಡಿ ನಿಂತೆ.

"ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ ಅಮ್ಮಾ," ಎಂದು ಗುರುಮೂರ್ತಿಯವರು ಕುರ್ಚಿ ಎಳೆದರು. "ಹಡಗಲ್ಲಿ ಮೂರು ಥರ ಸಾರ್. ಕೆಳಗಿನ ಡೆಕ್ಕು, ಮೇಲಿನ ಡೆಕ್ಕು, ಕ್ಯಾಬಿನ್ನು. ಕೆಳಗಿನ ಡೆಕ್ ಅಂದ್ರೆ ಜಮಖಾನ ಹಾಸ್ಕೊಂಡು ಕೂತ್ಕೊಳ್ಳೋದು, ಸೀಟ್ ನಂಬರ್ ಇರಲ್ಲ, ಇಂಜಿನ್ ಸೆಕೆ ಇರುತ್ತೆ. ಮೇಲಿನ ಡೆಕ್ಕೂ ಜಮಖಾನಾನೇ, ಆದ್ರೆ ಗಾಳಿ ಬರುತ್ತೆ. ಕ್ಯಾಬಿನ್ ಅಂದ್ರೆ ರೂಮು, ಮಂಚ, ಫ್ಯಾನು, ಚಿಲಕ."

"ಗಾಳಿಗೂ ದುಡ್ಡಾ?" ಎಂದರು ಅತ್ತೆ.

"ಹೌದಮ್ಮಾ, ಸ್ವಲ್ಪ."

"ಚಿಲಕಕ್ಕೆ?"

"ಅದಕ್ಕೆ ಜಾಸ್ತಿ."

"ಚಿಲಕ ನಮ್ಮನೇಲೂ ಇದೆ. ಗಾಳಿದೇ ಕೊಡಿ," ಎಂದು ಅತ್ತೆ ಮೇಲಿನ ಡೆಕ್ಕನ್ನು ಆರಿಸಿಕೊಂಡರು.

ಇಷ್ಟಕ್ಕೇ ಮುಗಿಯಿತೆಂದುಕೊಂಡೆ. ಇಲ್ಲ. ಗುರುಮೂರ್ತಿಯವರು ಮೇಜಿನ ಮೇಲೆ ಎರಡೂ ಅಂಗೈಗಳನ್ನು ಚಾಚಿದರು. ಅದೇ ಜಾಗಕ್ಕೆ ತಮ್ಮಲ್ಲಿ ಮತ್ತೆ ಎರಡು ಥರದ ದರ ಇದೆಯೆಂದರು. ಬಲಗೈಯದು ಫಿಕ್ಸೆಡ್ಡು, ಎಡಗೈಯದು ಫ್ರೀ. ಫ್ರೀ ಎಂದಾಗ ಅತ್ತೆಯವರ ಕಣ್ಣು ಅರಳಿತು, ಆದರೆ ಅದು ಬಿಟ್ಟಿ ಅಲ್ಲವಂತೆ. ಅದರ ದರ ಜಾಸ್ತಿ. ಆದರೆ ಹೊರಡುವುದಕ್ಕೆ ಮುಂಚೆ ಸಾಕಷ್ಟು ದಿನ ಇರುವಾಗ ಬಂದು ಹೇಳಿದರೆ ಅಡ್ವಾನ್ಸು ವಾಪಸ್ಸು ಕೊಡುತ್ತಾರೆ. ತಾರೀಖು ಬದಲಾಯಿಸಬಹುದು, ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಬಹುದು. ಫಿಕ್ಸೆಡ್ಡಿನ ದರ ಕಡಿಮೆ. ಆದರೆ ಕೊಟ್ಟ ಅಡ್ವಾನ್ಸು ಕೊಟ್ಟಹಾಗೆಯೇ. ನೀವು ಹೋಗದಿದ್ದರೂ ಅದು ಬರುವುದಿಲ್ಲ. ತಾರೀಖು ಬದಲಾಗುವುದಿಲ್ಲ, ಹೆಸರೂ ಬದಲಾಗುವುದಿಲ್ಲ.

ನನ್ನ ಮನಸ್ಸಿನಲ್ಲಿ ಕತ್ತಲ ಕೋಣೆಗೆ ಕಿಟಕಿ ತೆಗೆದ ಹಾಗಾಯಿತು. ಫ್ರೀ! ಈಗ ಎಲ್ಲರ ಸಂತೋಷಕ್ಕೆ ಹೂಂ ಎನ್ನುವುದು, ದಸರಾ ಹತ್ತಿರ ಬಂದಾಗ ನನಗೊಂದು ಜ್ವರವನ್ನೋ, ಊರಲ್ಲೊಂದು ಮದುವೆಯನ್ನೋ ಹುಟ್ಟಿಸಿ ಗೌರವವಾಗಿ ಹಿಂದೆ ಸರಿಯುವುದು. ಅತ್ತೆಯವರ ದುಡ್ಡಿಗೂ ಮೋಸವಿಲ್ಲ, ನನ್ನ ಹೊಟ್ಟೆಗೂ ತೊಂದರೆಯಿಲ್ಲ. ಕಾಲರ್ ಸರಿಮಾಡಿಕೊಂಡು, "ಅತ್ತೆ, ಎಡಗೈಯದೇ ಒಳ್ಳೇದು," ಎಂದೆ. "ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಡಿಪಾಜಿಟ್ಟಾದರೂ ವಾಪಸ್ ಬರುತ್ತೆ."

"ಏನಾಗ್ತದೆ ಹೆಚ್ಚುಕಡಿಮೆ?"

"ಏನೂ ಆಗಲ್ಲ. ಆದರೂ, ಒಂದು ವೇಳೆ..."

"ಏನೂ ಆಗಲ್ಲ ಅಂತ ನೀವೇ ಅಂತೀರಿ. ಆಗದೇ ಇರೋದಕ್ಕೆ ಯಾಕೆ ದುಡ್ಡು ಕೊಡಬೇಕು?"

ಡಿಪಾಜಿಟ್ಟು ಎಂದರೆ ವಾಪಸ್ಸು ಬರಲೇಬೇಕಾದ ವಸ್ತು ಎಂದು ನಾನು ವಾದಿಸಿದೆ. ಲೈಬ್ರರಿಯಲ್ಲಿ ಪುಸ್ತಕ ಹಿಂತಿರುಗಿಸಿದರೆ ಡಿಪಾಜಿಟ್ಟು ಬರುತ್ತದೆ. ಬಾಡಿಗೆ ಮನೆ ಬಿಟ್ಟರೆ, ಸುಣ್ಣದ ಖರ್ಚು ಹಿಡಿದುಕೊಂಡಾದರೂ ಕೊಡುತ್ತಾರೆ. ಠೇವಣಿ ಕಳೆದುಕೊಳ್ಳುವುದೆಂದರೆ ಚುನಾವಣೆಗೆ ನಿಂತವರಿಗೆ ಆಗುವ ಅವಮಾನ. ನಾವು ಹಡಗಿಗೆ ಹೋಗಿ ಯಾಕೆ ಕಳೆದುಕೊಳ್ಳಬೇಕು? ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸುತ್ತಿತ್ತು. ಗುರುಮೂರ್ತಿಯವರೂ ತಲೆದೂಗಿದರು, ಎಡಗೈಯಲ್ಲಿ ಅವರಿಗೆ ಲಾಭ ಹೆಚ್ಚು.

ಆದರೆ ಅತ್ತೆಯವರು ಕೈ ಅಡ್ಡ ಹಿಡಿದರು. "ನಮ್ಮ ತೋಟಕ್ಕೆ ವ್ಯಾಪಾರಿ ಹೂ ನೋಡಿ ಅಡ್ವಾನ್ಸ್ ಕೊಡ್ತಾನೆ. ಆಮೇಲೆ ಅವನು ಬೇಡ ಅಂದ್ರೆ ನಾನು ವಾಪಸ್ ಕೊಡ್ತೀನಾ? ಕೊಡಲ್ಲ. ಅವನು ಹೂಂ ಅಂದ ಅಂತ ನಾನು ಇನ್ನೊಬ್ಬನಿಗೆ ಇಲ್ಲ ಅಂದಿರ್ತೀನಲ್ಲ. ಈಯಪ್ಪಾನೂ ಹಂಗೇ. ನ್ಯಾಯವಾಗಿದೆ." ಆಮೇಲೆ ಗುರುಮೂರ್ತಿಯವರ ಕಡೆ ತಿರುಗಿ, "ವಾಪಸ್ ಬರದೇ ಇರೋದನ್ನೇ ಬರೀರಿ," ಎಂದರು.

ಗುರುಮೂರ್ತಿಯವರು ಬರೆದರು. ನನ್ನ ಕಿಟಕಿ ಮುಚ್ಚಿತು. ಮೆಟ್ಟಿಲಿಳಿಯುವಾಗ ಸರೋಜ, "ಯಾಕ್ರೀ, ಮುಖ ಒಂಥರಾ ಇದೆ?" ಎಂದಳು. "ಕೆಳಗಡೆ ಪಾತ್ರೆ ಬಡಿಯೋ ಸದ್ದು, ತಲೆನೋವು," ಎಂದೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ಹೇಳಿದರೆ ನಿಮಗೆ ನಗು ಬರಬಹುದು. ಊರಿಗೆಲ್ಲ ಸುದ್ದಿ ಹರಡಿತ್ತು. ತರಕಾರಿ ತರಲು ಹೋದರೆ "ಏನ್ ಮೇಷ್ಟ್ರೇ, ಹಡಗಂತೆ!" ಎನ್ನುತ್ತಿದ್ದರು. ಕ್ಷೌರದಂಗಡಿಯಲ್ಲಿ ನನಗಾಗಿ ಬೆಂಚು ಖಾಲಿ ಮಾಡಿಸುತ್ತಿದ್ದರು. ನಾನು ನಕ್ಕು, ಸಮುದ್ರಯಾನ ನಮ್ಮ ಮನೆತನದಲ್ಲೇ ಇದೆಯೆಂಬಂತೆ ಎರಡು ಮಾತಾಡಿ ಬರುತ್ತಿದ್ದೆ. ಮನೆಗೆ ಬಂದರೆ ನೀರಿನ ಕೊಳಗ ಅಲುಗಾಡಿದರೂ ಮುಖ ಆ ಕಡೆ ತಿರುಗಿಸುತ್ತಿದ್ದೆ. ಒಂದು ಭಾನುವಾರ ಅತ್ತೆಯವರು ಕುರುಡುಮಲೆಗೆ ಹೋಗಿ ಗಣಪತಿಗೆ ಪೂಜೆ ಮಾಡಿಸೋಣವೆಂದರು. ಹೋದೆವು. ಅಷ್ಟೆತ್ತರದ ದೇವರ ಮುಂದೆ ಅತ್ತೆ ಬಹಳ ಹೊತ್ತು ಕಣ್ಣುಮುಚ್ಚಿ ನಿಂತಿದ್ದರು. ಪಕ್ಕದಲ್ಲಿ ನಾನೂ ನಿಂತಿದ್ದೆ. ವಿಘ್ನ ತೆಗೆಯುವುದೇ ಕಸುಬಾಗಿರುವ ದೇವರ ಹತ್ತಿರ, ದಯವಿಟ್ಟು ಒಂದು ವಿಘ್ನ ಕೊಡಪ್ಪಾ ಎಂದು ಕೇಳಿದ ಭಕ್ತ ಬಹುಶಃ ನಾನೊಬ್ಬನೇ ಇರಬೇಕು.

ಕೊನೆಗೆ ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ, ಯಾರಿಗೂ ಹೇಳದೆ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಬಸ್ಸಿಳಿದು ಮುಖ ತೊಳೆದುಕೊಂಡು ಮಹಡಿ ಹತ್ತಿದೆ. "ಗುರುಮೂರ್ತಿಯವರೇ, ಬಲಗೈಯದನ್ನು ಎಡಗೈಗೆ ಬದಲಾಯಿಸಿಕೊಡಿ, ವ್ಯತ್ಯಾಸದ ದುಡ್ಡು ನಾನೇ ಕೊಡ್ತೀನಿ," ಎಂದು ಕೇಳಿದೆ.

"ಆಗಲ್ಲ ಸಾರ್. ಹೆಸರು, ದುಡ್ಡು ಎರಡೂ ಬೊಂಬಾಯಿಗೆ ಕಳಿಸಿ ಆಯ್ತು."

"ನನ್ನದೊಂದನ್ನಾದರೂ?"

"ಯಾಕ್ ಸಾರ್, ನಿಮಗೇನು ಭಯಾನಾ?"

"ಛೆ ಛೆ, ಭಯ ಏನು ಬಂತು. ನಮ್ಮ ಅತ್ತೆಗೆ ವಯಸ್ಸಾಗಿದೆ ನೋಡಿ, ಅದಕ್ಕೆ," ಎಂದು ನನ್ನ ಭಯವನ್ನು, ಪಾಪ, ಅತ್ತೆಯವರ ತಲೆಗೆ ಕಟ್ಟಿ ಎದ್ದು ಬಂದೆ.

ಆದರೆ ಕುರುಡುಮಲೆಯ ದೇವರಿಗೆ ನನ್ನ ಅರ್ಜಿ ತಲುಪಿತ್ತು ಎಂದು ಕಾಣುತ್ತದೆ. ಮುಂದಿನ ವಾರವೇ ದಸರಾ ರಜದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಶಿಬಿರ ಎಂದು ಆದೇಶ ಬಂತು, ನಮ್ಮ ಸ್ಕೂಲಿನಿಂದ ಒಬ್ಬರು ಹೋಗಬೇಕಿತ್ತು. ಹೆಡ್‌ಮಾಸ್ಟರು ಸಪ್ಪೆ ಮುಖ ಮಾಡಿಕೊಂಡು ನನ್ನನ್ನು ಕರೆಸಿದರು. ಅವರು ವಾಕ್ಯ ಮುಗಿಸುವ ಮೊದಲೇ ನಾನು ಒಪ್ಪಿಕೊಂಡೆ. ಕರ್ತವ್ಯದ ಬಗ್ಗೆ ಇಷ್ಟು ನಿಷ್ಠೆ ಇಟ್ಟುಕೊಂಡ ಮೇಷ್ಟ್ರನ್ನು ಕಂಡು ಅವರು ಎದ್ದು ನನ್ನ ಕೈ ಕುಲುಕಿದರು. ನಾನು ದಾರಿಯುದ್ದಕ್ಕೂ ದುಃಖದ ಮುಖವನ್ನು ಅಭ್ಯಾಸ ಮಾಡುತ್ತ ಮನೆಗೆ ಬಂದೆ. ಅತ್ತೆಯವರೂ ಬಂದು ಕೂತಿದ್ದರು.

"ಅತ್ತೆ, ಏನು ಹೇಳಲಿ," ಎಂದು ಶುರುಮಾಡಿ, ಸರ್ಕಾರವನ್ನು ಬೈದು, ಶಿಬಿರವನ್ನು ಬೈದು, ಕೊನೆಗೆ ನಿಟ್ಟುಸಿರು ಬಿಟ್ಟು ನಿಲ್ಲಿಸಿದೆ. ಈಗ ಅವರು 'ಹಾಗಾದರೆ ಯಾರೂ ಹೋಗುವುದು ಬೇಡ' ಎನ್ನಬೇಕು. ನನ್ನ ಲೆಕ್ಕ ಅದು. ಅವರು ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು.

"ಪರವಾಗಿಲ್ಲ ಕಣಮ್ಮಾ," ಎಂದಳು ಸರೋಜ ನಡುವೆ ಬಂದು. "ನಾವಿಬ್ರೇ ಹೋಗೋಣ. ಇವರ ಜಾಗ ಹೇಗೂ ಯಾರಿಗೂ ಕೊಡೋ ಹಾಗಿಲ್ಲ. ಖಾಲಿ ಇದ್ರೆ ಕಾಲು ಚಾಚ್ಕೊಂಡು ಮಲಗಬಹುದು."

ಇದು ನನ್ನನ್ನು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಅಗ್ನಿಸಾಕ್ಷಿಯಾಗಿ ಕೈಹಿಡಿದ ಗಂಡನ ಗೈರುಹಾಜರಿ ಇವಳಿಗೆ ಕಾಲು ಚಾಚುವಷ್ಟು ಜಾಗ! ಅಲ್ಲದೆ ಇಬ್ಬರು ಹೆಂಗಸರನ್ನು ಬೊಂಬಾಯಿಯ ಬಂದರಿಗೆ ಕಳಿಸಿ, ನಾನು ಶಿಬಿರದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ ಎಂದು ಗೊತ್ತಾದರೆ ಕ್ಷೌರದಂಗಡಿಯ ಬೆಂಚಿನ ಗತಿಯೇನು? ಆವತ್ತು ಸಂಜೆಯೇ ಡ್ರಿಲ್ ಮೇಷ್ಟ್ರು ಮುನಿಸ್ವಾಮಪ್ಪನವರ ಮನೆಗೆ ಹೋಗಿ, ನನ್ನ ಬದಲು ಶಿಬಿರಕ್ಕೆ ಹೋಗಬೇಕೆಂದು ಕೈಮುಗಿದು ಕೇಳಿಕೊಂಡೆ. ಅವರು ಮರುಮಾತಾಡದೆ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಒಳಗೊಳಗೇ ಅವರ ಮೇಲೆ ಸಿಟ್ಟೂ ಬಂತು.

ಹೊರಟೆವು. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಹೊಸಕೋಟೆ ದಾಟುವಷ್ಟರಲ್ಲಿ, ಆಗಬಾರದ್ದು ಆಯಿತು. ಕಂಡಕ್ಟರು ಬಸ್ಸು ನಿಲ್ಲಿಸಿ ನೀರು ಕೊಟ್ಟ. ಅತ್ತೆಯವರು ನನ್ನ ಬೆನ್ನು ಸವರುತ್ತ, "ಬೆಳಿಗ್ಗೆ ಇಡ್ಲಿ ಜಾಸ್ತಿ ಆಯ್ತೇನೋ," ಎಂದರು. ನೆಲದ ಮೇಲೆ ಹೋಗುವ ಬಸ್ಸಿನಲ್ಲೇ ಈ ಗತಿಯಾದರೆ ಮುಂದೇನು ಎಂದು ಯೋಚಿಸುತ್ತ ರೈಲಿನಲ್ಲಿ ಬೊಂಬಾಯಿಯವರೆಗೂ ಗೋಡೆಗೆ ಒರಗಿಕೊಂಡೇ ಹೋದೆ.

ಬಂದರಿನಲ್ಲಿ ಹಡಗನ್ನು ಕಂಡಾಗ ಮೊದಲು ಅನ್ನಿಸಿದ್ದು, ಗುರುಮೂರ್ತಿಯವರ ಗೋಡೆಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಸುಣ್ಣ ಹೊಡೆದಿದ್ದರು ಎಂದು. ಆದರೆ ಹೆದರಲು ಪುರುಸೊತ್ತು ಸಿಗಲಿಲ್ಲ. ಸೀಟ್ ನಂಬರ್ ಇರುವುದಿಲ್ಲ ಎಂಬುದರ ಅರ್ಥ ಅಲ್ಲಿ ಹೋದ ಮೇಲೆ ತಿಳಿಯಿತು. ಬಾಗಿಲು ಬಿಟ್ಟ ಕೂಡಲೇ ಹಾಸಿಗೆ ಸುರುಳಿ, ಟ್ರಂಕು, ಕೋಳಿಬುಟ್ಟಿಗಳ ಸಮೇತ ಜನ ನುಗ್ಗಿದರು. ನಮ್ಮ ಕಡೆಯ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು. ಯಾರ ತಲೆಯ ಮೇಲಿಂದಲೋ ಜಮಖಾನ ಬೀಸಿ ಎಸೆದೆ. ಅದು ಗಾಳಿಯಲ್ಲಿ ಬಿಚ್ಚಿಕೊಂಡು, ಮೇಲಿನ ಡೆಕ್ಕಿನ ಕಟಕಟೆಯ ಪಕ್ಕ, ಒಳ್ಳೆಯ ನೆರಳಿನ ಜಾಗದಲ್ಲಿ ಬಿತ್ತು. ಸರೋಜ ಓಡಿ ಹೋಗಿ ಅದರ ಮೇಲೆ ಕೂತಳು. ಪಕ್ಕದ ಮರಾಠಿ ಮುದುಕರೊಬ್ಬರು ಮೆಚ್ಚಿ ತಲೆಯಾಡಿಸಿದರು. ನನ್ನ ವಿದ್ಯೆಯೆಲ್ಲ ಸೇರಿ ಆ ಪ್ರವಾಸದಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಹಡಗು ಕೂಗಿತು, ಹೊರಟಿತು. ನಾನು ಪರೀಕ್ಷೆಯ ಫಲಿತಾಂಶ ಕಾಯುವವನ ಹಾಗೆ ಕಣ್ಣುಮುಚ್ಚಿ ಕೂತು ನನ್ನ ಹೊಟ್ಟೆಯನ್ನು ಕಾದೆ. ಈಗ ಬರುತ್ತದೆ, ಈಗ ಬರುತ್ತದೆ. ಹಡಗು ಸ್ವಲ್ಪ ತೂಗಾಡಿತು, ಗಾಳಿ ಬೀಸಿತು, ಯಾರೋ ಕಿತ್ತಳೆಹಣ್ಣು ಸುಲಿದರು. ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಏನೋ ಬಂತು, ನೋಡಿದರೆ ಅದು ಹಸಿವು. ನಂಬಿಕೆಯಾಗದೆ ಮೆಲ್ಲಗೆ ಒಂದು ಕಣ್ಣು ತೆರೆದೆ. ಎದುರಿಗೆ, ಎಡಗಡೆಯ ಕಟಕಟೆಯ ಆಚೆ, ನೆಲ! ತೆಂಗಿನ ಮರಗಳು, ಗುಡ್ಡ, ಗುಡ್ಡದ ಮೇಲೊಂದು ಹಳೆಯ ಕೋಟೆಗೋಡೆ. ಎರಡನೆಯ ಕಣ್ಣನ್ನೂ ತೆರೆದೆ. ಗೋವಾದ ಸ್ಟೀಮರು ದಡವನ್ನು ಬಿಟ್ಟು ಬಹಳ ದೂರ ಹೋಗುವುದೇ ಇಲ್ಲ, ತೀರದ ಊರುಗಳನ್ನು ಮುಟ್ಟಿಕೊಂಡು ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರನ್ನಾದರೂ ಕೇಳಬೇಕಾದರೆ ಭೂಗೋಳದ ಮೇಷ್ಟ್ರನ್ನೇ ಕೇಳಬೇಕಿತ್ತು. ಎದೆಯ ಮೇಲಿದ್ದ ಕಲ್ಲುಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಸರೋಜ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆಯನ್ನು ನಾನು ಆ ದಿನ ತಿಂದ ಹಾಗೆ ಮದುವೆ ಮನೆಯಲ್ಲೂ ತಿಂದಿಲ್ಲ.

ಇತ್ತ ಅತ್ತೆಯವರಿಗೆ ಸಿಟ್ಟು ಬಂದಿತ್ತು. "ಇದೇನು ಅಳಿಯಂದಿರೇ, ಅಲ್ಲಿ ಏರಿ ಕಾಣ್ತಾನೇ ಇದೆಯಲ್ಲ! ನಮ್ಮೂರ ಕೆರೆಗೂ ಒಂದು ಏರಿ ಇದೆ. ಇದನ್ನ ನೋಡೋಕೆ ಇಷ್ಟು ದೂರ ಬರಬೇಕಾ? ಏಜೆಂಟು ಮೋಸ ಮಾಡ್ದ."

"ಆ ಕಡೆ ಹೋಗಿ ನೋಡಿ ಅತ್ತೆ, ಬಲಗಡೆ," ಎಂದೆ.

ಜನರನ್ನು ದಾಟಿಕೊಂಡು, ಅವರ ಕೈಹಿಡಿದು ಹಡಗಿನ ಇನ್ನೊಂದು ಮಗ್ಗುಲಿಗೆ ಕರೆದುಕೊಂಡು ಹೋದೆ. ಅಲ್ಲಿ ದಡವಿರಲಿಲ್ಲ. ನೀರು, ಅದರಾಚೆಗೂ ನೀರು, ಕೊನೆಯಲ್ಲಿ ಬಿಸಿಲಿಗೆ ಹೊಳೆಯುವ ಒಂದು ಗೆರೆ. ಅತ್ತೆಯವರು ಕಟಕಟೆ ಹಿಡಿದು ನಿಂತರು. ಆಮೇಲೆ ನೋಡಿದರೆ, ನನ್ನ ಕೈಯನ್ನು ಅವರು ಇನ್ನೂ ಬಿಟ್ಟಿರಲಿಲ್ಲ. ಅವರ ಅಂಗೈ ಬೆವೆತಿತ್ತು.

"ನಾಯನಾ, ನಿಮ್ಮ ಹತ್ರ ಒಂದು ಮಾತು ಹೇಳ್ತೀನಿ, ಸರೋಜಂಗೆ ಹೇಳಬೇಡಿ," ಎಂದರು ಮೆಲ್ಲಗೆ. "ನನಗೆ ನೀರು ಅಂದ್ರೆ ಚಿಕ್ಕಂದಿನಿಂದ ಭಯ. ಬಾವಿ ಬಗ್ಗಿ ನೋಡಿದೋಳಲ್ಲ ನಾನು."

ನಾನು ಅವರ ಮುಖವನ್ನೇ ನೋಡಿದೆ. "ಮತ್ತೆ ಯಾಕತ್ತೆ..."

"ಆಸೆ. ಆಸೆಗೂ ಭಯಕ್ಕೂ ಒಬ್ಬರ ಮಾತು ಇನ್ನೊಬ್ಬರು ಕೇಳಲ್ಲ. ಅದಕ್ಕೇ ಆವತ್ತು ವಾಪಸ್ ಬರದೇ ಇರೋ ಅಡ್ವಾನ್ಸೇ ಬರೀರಿ ಅಂದಿದ್ದು. ವಾಪಸ್ ಬರೋದಾಗಿದ್ರೆ ಎಂಟು ದಿನಕ್ಕೇ ಹೋಗಿ ಈಸ್ಕೊಂಡು ಬಂದಿರ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು." ಸ್ವಲ್ಪ ಹೊತ್ತು ನೀರು ನೋಡಿದರು. "ಆದ್ರೂ ಮನಸ್ಸು ಕೇಳಲಿಲ್ಲ. ಮಂಡಿನೋವಿಗೆ ಡಾಕ್ಟರ್ ಹತ್ರ ಹೋಗ್ತೀನಿ ಅಂತ ಹೇಳಿ ಒಂದಿನ ಕೋಲಾರಕ್ಕೋಗಿ ಆಯಪ್ಪನ್ನ ಕೇಳ್ದೆ. ನಮ್ಮ ಅಳಿಯಂದಿರಿಗೆ ಭಯ, ಅದಕ್ಕೆ ವಾಪಸ್ ಕೊಡಪ್ಪಾ ಅಂದೆ. ಮರ್ಯಾದಸ್ತ. ಕೊಡಲ್ಲ ಅಂದ."

ಗುರುಮೂರ್ತಿಯವರ ಸಂಯಮವನ್ನು ನಾನು ಆ ಕ್ಷಣದಲ್ಲಿ ಮನಸಾರೆ ಮೆಚ್ಚಿದೆ. ಒಂದೇ ಮನೆಯವರು ಬೇರೆ ಬೇರೆಯಾಗಿ ಬಂದು, ಒಬ್ಬರ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಹೋದರೂ ಆ ಮನುಷ್ಯ ಯಾರ ಗುಟ್ಟನ್ನೂ ಯಾರಿಗೂ ಬಿಟ್ಟುಕೊಡಲಿಲ್ಲ.

"ಈಗ ಹೇಗಿದೆ ಅತ್ತೆ?" ಎಂದೆ.

"ಭಯಾನೇ," ಎಂದರು. ಆದರೆ ನಗುತ್ತಿದ್ದರು. ತುಂತುರು ಬಂದು ಮುಖಕ್ಕೆ ಬಡಿದಾಗ ಸೆರಗಿನಿಂದ ಒರೆಸಿಕೊಂಡು ನಾಲಗೆಗೆ ಮುಟ್ಟಿಸಿ ನೋಡಿದರು. "ಉಪ್ಪೇ ಕಣ್ರೀ! ನೀವು ಹೇಳಿದ್ದು ನಿಜಾನೇ."

ಆ ಜಾಗವನ್ನು ಬಿಟ್ಟು ಅವರು ಸಂಜೆಯವರೆಗೂ ಅಲುಗಲಿಲ್ಲ. ಆ ಮರಾಠಿ ಮುದುಕರ ಹೆಂಡತಿ ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಅತ್ತೆ ತೆಲುಗಿನಲ್ಲಿ ನಮ್ಮ ತೋಟದ ಮಾವು ಇದೇ ನೀರಿನ ಮೇಲೆ ಹೋಯಿತೆಂದು ಕೈಮಾಡಿ ಹೇಳುತ್ತಿದ್ದರು, ಆಕೆ ಮರಾಠಿಯಲ್ಲಿ ಹೂಂಗುಡುತ್ತಿದ್ದರು. ನಾನು ಎಡಗಡೆಗೆ ಬಂದು, ದಡ ಕಾಣುವ ಜಾಗದಲ್ಲಿ, ಜಮಖಾನದ ಮೇಲೆ ಕಾಲು ಚಾಚಿ ಮಲಗಿದೆ. ಎಷ್ಟೋ ವಾರಗಳ ಮೇಲೆ ಬಂದ ಒಳ್ಳೆಯ ನಿದ್ದೆ. ಮಾರನೆಯ ಬೆಳಿಗ್ಗೆ ಪಣಜಿಯಲ್ಲಿ ಇಳಿದು ನೆಲ ಮುಟ್ಟಿದಾಗ ಅತ್ತೆಯವರು ಹಡಗಿನ ಕಡೆ ತಿರುಗಿ ಕೈಮುಗಿದರು. ನಾನೂ ಮುಗಿದೆ.

ಊರಿಗೆ ಬಂದ ಮೇಲೆ ನನಗೆ ಒಂದು ಹೊಸ ಗೌರವ ಬಂತು. ಟಿಕೇಟು, ದರ, ಮುಂಗಡ ಎಂದು ಯಾರಿಗೆ ಏನು ತೊಡಕಾದರೂ ನನ್ನ ಹತ್ತಿರ ಬರುತ್ತಿದ್ದರು. ಒಂದು ದಿನ ಡ್ರಿಲ್ ಮೇಷ್ಟ್ರು ಮುನಿಸ್ವಾಮಪ್ಪನವರು ಬಂದರು. ಹೆಂಡತಿ ಮಕ್ಕಳನ್ನು ಕನ್ಯಾಕುಮಾರಿಗೆ ಕರೆದುಕೊಂಡು ಹೋಗಬೇಕು, ಅಡ್ವಾನ್ಸು ಯಾವ ಥರದ್ದು ಕೊಡಲಿ ಎಂದು ಕೇಳಿದರು. ನಾನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡೆ.

"ಕಣ್ಣುಮುಚ್ಚಿ ವಾಪಸ್ ಬರದೇ ಇರೋದನ್ನೇ ಕೊಡಿ ಮುನಿಸ್ವಾಮಪ್ಪನವರೇ. ಮನುಷ್ಯನ ಮನಸ್ಸು ಚಂಚಲ. ಹಿಂದೆ ಬರೋ ದಾರಿ ಇದ್ರೆ ಅದು ಮುಂದೆ ಹೋಗಲ್ಲ. ನಮ್ಮದನ್ನೇ ನೋಡಿ, ನಾವು ಮೊದಲಿನಿಂದಲೂ ಅದೇ ದೃಢ ನಿರ್ಧಾರ ಮಾಡಿದ್ವಿ," ಎಂದೆ.

ಸರೋಜ ಕಾಫಿ ತಂದು ಮೇಜಿನ ಮೇಲಿಟ್ಟಳು. "ಹೌದು, ಅದನ್ನೇ ಕೊಡಿ," ಎಂದಳು ಮುನಿಸ್ವಾಮಪ್ಪನವರಿಗೆ. "ಆ ಕೋಲಾರದ ಗುರುಮೂರ್ತಿಯವರ ಹತ್ರಾನೇ ಮಾಡಿಸಿ, ಬಹಳ ಗಟ್ಟಿ ಮನುಷ್ಯ. ನಮ್ಮಮ್ಮ ಹೋಗಿ ಕೇಳಿದ್ರೂ ವಾಪಸ್ ಕೊಡಲಿಲ್ಲ. ಶನಿವಾರ ಇವರು ಹೋಗಿ ಅಷ್ಟು ಬೇಡ್ಕೊಂಡ್ರೂ ಕೊಡಲಿಲ್ಲ."

ಅವಳು ಒಳಗೆ ಹೋದಳು. ಮುನಿಸ್ವಾಮಪ್ಪನವರು ಬಹಳ ಸೌಜನ್ಯದಿಂದ ಕಾಫಿಯನ್ನೇ ನೋಡುತ್ತ ಕುಡಿದರು. ನಾನು ಕಾಲ ಮೇಲಿನ ಕಾಲನ್ನು ಕೆಳಗಿಳಿಸಿದೆ. ಇದೆಲ್ಲ ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಈವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಇನ್ನೂ ಏನೇನು ಗೊತ್ತಿದೆಯೆಂದು ಹೇಳಿಬಿಡುತ್ತಾಳೆ.